ತಟ್ಟೆಯೋ ಫೈಲೋ? ಲೋಟ ಒಂದನ್ನೇ ಬದಲಿಸಿ ಕೇಳುವ ಬಗೆ

ಎಲ್‌ಪಿ ತಟ್ಟೆ ಮುಗಿದ ಕೂಡಲೇ ಫೋನಿನಲ್ಲಿ ಅದೇ ಹಾಡು ಹಾಕಿ, ‘ನೋಡಿ, ಡಿಜಿಟಲ್ ಎಷ್ಟು ಒಣಕಲು’ ಎಂದು ತೀರ್ಪು ಕೊಡುವವರನ್ನು ನೀವೂ ಕಂಡಿರುತ್ತೀರಿ. ಎಷ್ಟೋ ವರ್ಷ ಆ ತೀರ್ಪು ಕೊಡುತ್ತಿದ್ದವನು ನಾನೇ. ಆದರೆ ಆ ಹೋಲಿಕೆಯಲ್ಲಿ ಏನೇನು ಬೇರೆ ಇದೆ ನೋಡಿ. ತಟ್ಟೆ ದೊಡ್ಡ ಆಂಪ್ಲಿಫೈಯರಿನಲ್ಲಿ ಬರುತ್ತಿದೆ, ಫೋನು ಬ್ಲೂಟೂತಿನಲ್ಲಿ. ಎರಡರ ವಾಲ್ಯೂಮ್ ಬೇರೆ. ತಟ್ಟೆ ಅಚ್ಚಾಗಿದ್ದು ಆ ಕಾಲದ ಮಾಸ್ಟರ್ ಟೇಪಿನಿಂದ. ಫೋನಿನಲ್ಲಿರುವುದು ಯಾರೋ ಸವೆದ ಕ್ಯಾಸೆಟ್ಟಿನಿಂದ ಇಳಿಸಿ ಯೂಟ್ಯೂಬಿಗೆ ಹಾಕಿದ್ದು. ಇಷ್ಟೆಲ್ಲ ಬೇರೆ ಇಟ್ಟುಕೊಂಡು ಅನಲಾಗ್ ಗೆದ್ದಿತು, ಡಿಜಿಟಲ್ ಸೋತಿತು ಎಂದರೆ? ಬೇರೆ ಡಿಕಾಕ್ಷನ್, ಬೇರೆ ಹಾಲು ಹಾಕಿ ಲೋಟದ ಬಗ್ಗೆ ಜಗಳ ಆಡಿದ ಹಾಗೆ.

ಲೋಟ ಒಂದನ್ನೇ ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು ಕೇಳುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಒಂದು ಭಾನುವಾರ ಸಾಕು. ಸಹಾಯಕ್ಕೆ ಮನೆಯಲ್ಲಿ ಇನ್ನೊಬ್ಬರು ಬೇಕು, ನಿಮ್ಮ ಮಾತನ್ನು ಸುಲಭವಾಗಿ ಒಪ್ಪದವರಾದರೆ ಇನ್ನೂ ಒಳ್ಳೆಯದು.

ಏನೇನು ಬೇಕು

ಟರ್ನ್‌ಟೇಬಲ್, ಫೋನೋ ಪ್ರಿಆಂಪ್ (ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ಆಂಪ್ಲಿಫೈಯರಿಗೆ ಹೊಂದಿಸುವ ಪೆಟ್ಟಿಗೆ), ಕನಿಷ್ಠ ಎರಡು ಇನ್‌ಪುಟ್ ಇರುವ ಆಂಪ್ಲಿಫೈಯರ್, ಸ್ಪೀಕರ್. ಇಷ್ಟು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಇದರ ಜೊತೆಗೆ ಒಂದು ಲ್ಯಾಪ್‌ಟಾಪ್, ಎರಡು ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಒಂದು ಜೊತೆ ವೈ ಕೇಬಲ್, ಮತ್ತು ಒಂದು ಮಲ್ಟಿಮೀಟರ್.

ಇಂಟರ್‌ಫೇಸ್ ಎಂದರೆ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಹುಡುಗರ ಮೇಜಿನ ಮೇಲೆ ಕಾಣುವ ಪುಟ್ಟ ಪೆಟ್ಟಿಗೆ. ಕೊಳ್ಳಲೇಬೇಕು ಅಂತಿಲ್ಲ, ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಅದರಲ್ಲಿ ಸಾಮಾನ್ಯವಾಗಿ ಕಾಲಿಂಚಿನ ದಪ್ಪ ಜ್ಯಾಕ್ ಇರುತ್ತದೆ, ಆಂಪ್ಲಿಫೈಯರಿನಲ್ಲಿ ಆರ್‌ಸಿಎ. ಎರಡನ್ನೂ ಜೋಡಿಸುವ ಕೇಬಲ್ ಮತ್ತು ವೈ ಕೇಬಲ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತವೆ. ಬೇರೆ ಊರಿನಲ್ಲಿ ಮೈಕ್ ಸೆಟ್ ರಿಪೇರಿ ಮಾಡುವವರನ್ನು ಕೇಳಿ, ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ.

ಒಂದು ಎಚ್ಚರಿಕೆ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್ ಇದ್ದರೆ ಈ ಪರೀಕ್ಷೆಗೆ ಬರುವುದಿಲ್ಲ. ಅದರ ಮುಳ್ಳು ಒಳ್ಳೆಯ ಕಾರ್ಟ್ರಿಡ್ಜಿನ (ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗ) ಎರಡು ಪಟ್ಟಿಗಿಂತ ಜಾಸ್ತಿ ಭಾರದಿಂದ ತಟ್ಟೆಯನ್ನು ಒತ್ತುತ್ತದೆ. ಅಪರೂಪದ ತಟ್ಟೆ ಇದ್ದರೆ ಅದರ ಮೇಲೆ ಹಾಕಲೇಬೇಡಿ.

ಮೊದಲ ಹೆಜ್ಜೆ: ತಟ್ಟೆ ಕಡೆಯನ್ನು ಸರಿ ಮಾಡಿಕೊಳ್ಳಿ

ಡಿಜಿಟಲ್ ಕಡೆ ಕೆಲಸ ಕಮ್ಮಿ. ತಟ್ಟೆ ಕಡೆ ಜಾಸ್ತಿ. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಂಡ.

ವೇಗದಿಂದ ಶುರು ಮಾಡಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು, ಅಂದರೆ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು. ತಟ್ಟೆಯ ಅಂಚಿಗೆ ಬಣ್ಣದ ಕಾಗದದ ಚೂರು ಅಂಟಿಸಿ, ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಎಣಿಸಿ. 101 ಬಂತು ಎಂದರೆ ನೂರಕ್ಕೆ ಒಂದರಷ್ಟು ಜೋರು. ಅಷ್ಟು ಬಹಳ ಜನಕ್ಕೆ ಗೊತ್ತಾಗುವುದಿಲ್ಲ. 106 ಬಂತು ಎಂದರೆ ಹಾಡುಗಾರರ ಭಾಷೆಯಲ್ಲಿ ಅರ್ಧ ಮನೆ ಶ್ರುತಿ ಏರಿದೆ. ಬೆಲ್ಟು ಸಡಿಲಾಗಿ ಇಳಿಯುವುದೂ ಉಂಟು. ಶ್ರುತಿ ಏರಿದ ಹಾಡು ಕಿವಿಗೆ ಚುರುಕಾಗಿ, ‘ಜೀವ ಇರುವ’ ಹಾಗೆ ಕೇಳಿಸುತ್ತದೆ. ಅದನ್ನು ಅನಲಾಗಿನ ಗುಣ ಎಂದು ಹೊಗಳುವ ಅಪಾಯ ಇದೆ. ಸ್ಟ್ರೋಬ್ ಚಕ್ರ (ದೀಪದ ಬೆಳಕಿನಲ್ಲಿ ಗೆರೆಗಳು ನಿಂತ ಹಾಗೆ ಕಂಡರೆ ವೇಗ ಸರಿ ಎಂದು ಹೇಳುವ ಬಿಲ್ಲೆ) ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ 180 ಗೆರೆಗಳ ಸಾಲನ್ನು ನೋಡಬೇಕು. ಅಮೆರಿಕದಿಂದ ತಂದ ಚಕ್ರದಲ್ಲಿ 60 ಹರ್ಟ್ಸ್‌ನ 216 ಗೆರೆಗಳ ಸಾಲು ಇರುತ್ತದೆ, ಅದು ಇಲ್ಲಿ ಸುಳ್ಳು ಹೇಳುತ್ತದೆ.

ಸರಾಸರಿ ವೇಗ ಸರಿ ಇದ್ದರೂ ಒಂದೊಂದು ಸುತ್ತಿನಲ್ಲೂ ಏರಿಳಿತ ಇರಬಹುದು. ಇದನ್ನು ಹಿಡಿಯಲು ನಮ್ಮ ಸಂಗೀತಕ್ಕಿಂತ ಒಳ್ಳೆಯ ಸಾಧನ ಇಲ್ಲ. ತಂಬೂರಿ ಚೆನ್ನಾಗಿ ಕೇಳುವ ಕಛೇರಿಯ ತಟ್ಟೆ ಹಾಕಿ, ಹಾಡಿನ ಕಡೆ ಗಮನ ಕೊಡದೆ ಶ್ರುತಿಯನ್ನೇ ಕೇಳಿ. ಷಡ್ಜ ಒಂದೇ ಕಡೆ ನಿಂತಿದೆಯೋ, ತೊಟ್ಟಿಲು ತೂಗಿದ ಹಾಗೆ ಅಲ್ಲಾಡುತ್ತಿದೆಯೋ? ಸುಮಾರು 1.8 ಸೆಕೆಂಡಿಗೊಮ್ಮೆ ಅಲ್ಲಾಡುತ್ತಿದ್ದರೆ, ಅದು ತಟ್ಟೆಯ ಒಂದು ಸುತ್ತಿನ ಕಾಲ. ತಟ್ಟೆಯ ತೂತು ನಟ್ಟನಡುವೆ ಇಲ್ಲ ಎಂದು ಅರ್ಥ. ತೂತು ಅರ್ಧ ಮಿಲಿಮೀಟರ್ ಸರಿದಿದ್ದರೂ ಸಾಕು, ತಂಬೂರಿ ಬಿಟ್ಟುಕೊಡುತ್ತದೆ. ಆ ತಟ್ಟೆಯನ್ನು ಪರೀಕ್ಷೆಗೆ ಬಳಸಬೇಡಿ, ಬೇರೆ ಆರಿಸಿಕೊಳ್ಳಿ. ಸಿನಿಮಾ ಹಾಡಿನಲ್ಲಿ ತಾಳವಾದ್ಯದ ಗದ್ದಲದ ನಡುವೆ ಇದು ಅಡಗಿಕೊಳ್ಳುತ್ತದೆ.

ಆಮೇಲೆ ಮುಳ್ಳಿನ ಭಾರ. ಕಾರ್ಟ್ರಿಡ್ಜ್ ತಯಾರಿಸಿದವರು ಒಂದು ಅಂಕಿ ಕೊಟ್ಟಿರುತ್ತಾರೆ. ಆರ್ಟೋಫಾನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೋ ಟೆಕ್ನಿಕಾದ ವಿಎಂ95ಇಗೆ 2 ಗ್ರಾಂ. ಇದನ್ನು ಅಳೆಯುವ ಪುಟ್ಟ ತಕ್ಕಡಿ ಸಿಗುತ್ತದೆ. ಹಿಂದೆ ಮುಳ್ಳು ಎಗರಿದರೆ ತಲೆಯ ಮೇಲೆ ನಾಲ್ಕಾಣೆ ಇಡುತ್ತಿದ್ದರು, ನೆನಪಿದೆಯಾ? ಆ ನಾಣ್ಯವೇ ಎರಡೂವರೆ ಗ್ರಾಂ ಆಸುಪಾಸು ತೂಗುತ್ತಿತ್ತು. ಅಂದರೆ ಇರಬೇಕಾದ ಭಾರವನ್ನು ಒಂದೇ ಏಟಿಗೆ ಇಮ್ಮಡಿಗಿಂತ ಜಾಸ್ತಿ ಮಾಡುತ್ತಿದ್ದೆವು. ಹಾಗಂತ ಕಡಿಮೆ ಭಾರ ಕೊಟ್ಟರೆ ತಟ್ಟೆ ಉಳಿಯುತ್ತದೆ ಎಂದುಕೊಳ್ಳಬೇಡಿ. ಹಗುರಾದ ಮುಳ್ಳು ಗೀರಿನಲ್ಲಿ ನೆಲೆ ನಿಲ್ಲದೆ ಗೋಡೆಗಳಿಗೆ ಬಡಿದುಕೊಳ್ಳುತ್ತದೆ. ‘ಸ’, ‘ಶ’ ಅಕ್ಷರಗಳು ಉಗುಳಿದ ಹಾಗೆ ಕೇಳಲು ಇದೂ ಒಂದು ಕಾರಣ.

ತೊಳೆಯುವುದು. ಮಲೆನಾಡು, ಕರಾವಳಿ ಕಡೆಯ ತಟ್ಟೆಗಳಲ್ಲಿ ಧೂಳಿಗಿಂತ ಬೂಷ್ಟು ಜಾಸ್ತಿ. ಡಿಸ್ಟಿಲ್ಡ್ ನೀರು, ಒಂದೇ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಗೀರಿನ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ. ನಡುವಿನ ಚೀಟಿ ಒದ್ದೆಯಾಗದಿರಲಿ. ಅಜ್ಜನ ಕಾಲದ 78 ವೇಗದ ತಟ್ಟೆಗಳಿಗೆ ಮಾತ್ರ ಸ್ಪಿರಿಟ್ ಮುಟ್ಟಿಸಲೇಬೇಡಿ. ಅವು ಅರಗಿನಿಂದ ಮಾಡಿದವು, ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಎಲ್‌ಪಿಯ ಮುಳ್ಳಿನಿಂದ ಅವನ್ನು ನುಡಿಸಲೂ ಬೇಡಿ. ಅವುಗಳ ಗೀರು ಅಗಲ, ಬೇರೆ ಮುಳ್ಳೇ ಬೇಕು.

ಕೊನೆಗೆ ‘ಗುಂಯ್’ ಸದ್ದು. ಮುಳ್ಳು ಎತ್ತಿಟ್ಟು ವಾಲ್ಯೂಮ್ ಜಾಸ್ತಿ ಮಾಡಿ. ಗುಂಯ್ ಎಂದರೆ ಟರ್ನ್‌ಟೇಬಲ್ಲಿನ ಹಿಂದೆ ನೇತಾಡುವ ತೆಳ್ಳನೆಯ ಅರ್ತ್ ವೈರನ್ನು ಪ್ರಿಆಂಪಿನ ತಿರುಪಿಗೆ ಕಟ್ಟಿಲ್ಲ. ಕಟ್ಟಿದ್ದರೂ ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಮ್ಮ ಮನೆಯಲ್ಲಿ ತಪ್ಪು ಇದ್ದದ್ದು ಗೋಡೆಯ ಸಾಕೆಟ್ಟಿನಲ್ಲಿ. ಮೂರನೇ ತೂತಿಗೆ ಒಳಗೆ ವೈರೇ ಇರಲಿಲ್ಲ.

ಇಷ್ಟು ಆದ ಮೇಲೆ ತಟ್ಟೆಯಲ್ಲಿ ಎರಡು ಜಾಗ ಆರಿಸಿಕೊಳ್ಳಿ, ಶುರುವಿನದೊಂದು, ಕೊನೆಯದೊಂದು. ಯಾಕೆಂದರೆ ಎಲ್‌ಪಿ ಹೊರಗೂ ಒಳಗೂ ಒಂದೇ ಥರ ಇರುವುದಿಲ್ಲ. ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ಚೀಟಿಯ ಹತ್ತಿರ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ಕಛೇರಿಯ ತಟ್ಟೆಯಲ್ಲಿ ತನಿ ಆವರ್ತನ (ತಾಳವಾದ್ಯಗಳಷ್ಟೇ ನುಡಿಸುವ ಭಾಗ) ಇದ್ದರೆ ಅದು ಬರುವುದು ಹೆಚ್ಚಾಗಿ ಕೊನೆಯಲ್ಲೇ. ಮೃದಂಗದ ಬಲಗಡೆಯ ಚಾಪು ಅಲ್ಲಿ ಮಂಕಾದರೆ ತಪ್ಪು ವಿದ್ವಾಂಸರದ್ದಲ್ಲ.

ಎರಡನೇ ಹೆಜ್ಜೆ: ಚುಕ್ಕಿ ರಂಗೋಲಿಯ ಲೆಕ್ಕ

ತಂತಿ ಜೋಡಿಸುವ ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದು ಹಾಕೋಣ. ಡಿಜಿಟಲ್ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಸದ್ದು, ನಡುವಿನದ್ದು ಕಳೆದುಹೋಗಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಜಾಹೀರಾತುಗಳಲ್ಲೂ ಹಾಗೇ ಚಿತ್ರ ಬಿಡಿಸಿರುತ್ತಾರೆ.

ಸಿ.ಡಿ. ಸೆಕೆಂಡಿಗೆ 44,100 ಸಲ ಸದ್ದಿನ ಎತ್ತರ ಅಳೆದು ಇಡುತ್ತದೆ. ಅವು ರಂಗೋಲಿಯ ಚುಕ್ಕಿಗಳಿದ್ದ ಹಾಗೆ. ಗೆರೆ ಎಳೆಯುವಾಗ ಒಂದೇ ನಿಯಮ: ಗೆರೆ ಸೆಕೆಂಡಿಗೆ 22,050 ಸಲಕ್ಕಿಂತ ಬೇಗ ಬಳುಕಬಾರದು. ಈ ನಿಯಮಕ್ಕೆ ಕಟ್ಟುಬಿದ್ದರೆ ಆ ಚುಕ್ಕಿಗಳ ಮೂಲಕ ಹೋಗಬಲ್ಲ ಗೆರೆ ಒಂದೇ ಒಂದು. ಎರಡನೆಯದು ಇಲ್ಲವೇ ಇಲ್ಲ. ಪ್ಲೇಯರಿನ ಒಳಗಿನ ಫಿಲ್ಟರ್ ಆ ಗೆರೆಯನ್ನೇ ನುಣ್ಣಗೆ ಎಳೆಯುತ್ತದೆ. ಸ್ಪೀಕರಿಗೆ ಹೋಗುವುದು ಮೆಟ್ಟಿಲಲ್ಲ. ಇದು ನೈಕ್ವಿಸ್ಟ್ ಮತ್ತು ಶಾನನ್ ಎಂಬ ಇಬ್ಬರು ಹಾಕಿಕೊಟ್ಟ ಗಣಿತ, ಶಾನನ್ ಅದನ್ನು 1949ರಲ್ಲೇ ಬರೆದು ಮುಗಿಸಿದ್ದರು. ಮೊದಲ ಸಿ.ಡಿ. ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರಿನಲ್ಲಿ.

ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್, ಅಂದರೆ ಆ 22,050ರ ಒಳಗೇ, ಅದೂ ಎಳೆಯ ವಯಸ್ಸಿನಲ್ಲಿ. ನನ್ನ ವಯಸ್ಸಿನವರಿಗೆ 12,000 ಕೇಳಿದರೆ ದೊಡ್ಡದು.

ಇನ್ನು ಪಿಸುಮಾತಿಗೂ ಅಬ್ಬರಕ್ಕೂ ನಡುವಿನ ಅಂತರ. 16 ಬಿಟ್ ಸಿ.ಡಿ.ಯಲ್ಲಿ ಅದು ಸುಮಾರು 96 ಡೆಸಿಬಲ್. ಒಳ್ಳೆಯ ಎಲ್‌ಪಿಯಲ್ಲಿ 60–70. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಏಪ್ರಿಲ್ ಮಧ್ಯಾಹ್ನ ಫ್ಯಾನ್ ತಿರುಗುತ್ತಿರುವ ಹಾಲಿನಲ್ಲಿ ಅದರ ಅರ್ಧವೂ ಉಪಯೋಗಕ್ಕೆ ಬರುವುದಿಲ್ಲ. ಪರೀಕ್ಷೆ ಮಾಡುವಾಗ ದಯವಿಟ್ಟು ಫ್ಯಾನ್ ಆರಿಸಿ. ಕುಕ್ಕರ್ ಇಡುವ ಹೊತ್ತೂ ಬೇಡ.

ಮೂರನೇ ಹೆಜ್ಜೆ: ಜೋಡಣೆ

ಇದು ಮುಖ್ಯವಾದ ಭಾಗ, ನಿಧಾನವಾಗಿ ಓದಿ.

ಫೋನೋ ಪ್ರಿಆಂಪಿನಿಂದ ಹೊರಡುವ ಸದ್ದನ್ನು ವೈ ಕೇಬಲ್ಲಿನಿಂದ ಎರಡು ಕವಲು ಮಾಡಿ. ಒಂದು ಕವಲು ನೇರ ಆಂಪ್ಲಿಫೈಯರಿನ ಮೊದಲ ಇನ್‌ಪುಟ್‌ಗೆ. ಇನ್ನೊಂದು ಕವಲು ಇಂಟರ್‌ಫೇಸಿನ ಇನ್‌ಪುಟ್‌ಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ವಾಪಸ್ ಇಂಟರ್‌ಫೇಸಿಗೆ, ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಆಂಪ್ಲಿಫೈಯರಿನ ಎರಡನೇ ಇನ್‌ಪುಟ್‌ಗೆ. ಈಗ ಒಂದೇ ತಟ್ಟೆ, ಒಂದೇ ಮುಳ್ಳು, ಒಂದೇ ಸ್ಪೀಕರ್. ಮೊದಲ ಇನ್‌ಪುಟ್ ಒತ್ತಿದರೆ ಶುದ್ಧ ಅನಲಾಗ್. ಎರಡನೆಯದು ಒತ್ತಿದರೆ ಅದೇ ಸದ್ದು ಅಂಕಿಗಳಾಗಿ ಒಡೆದು, ಮತ್ತೆ ಸದ್ದಾಗಿ ಬಂದದ್ದು. ಲೋಟ ಮಾತ್ರ ಬದಲು.

ಇಂಟರ್‌ಫೇಸಿನಲ್ಲಿ ಮೈಕ್ ಬದಲು ‘ಲೈನ್’ ಆರಿಸಿ. ಸದ್ದು ಅತಿ ಜೋರಾದಾಗಲೂ ಮೀಟರ್ ಸೊನ್ನೆಗಿಂತ 6 ಡೆಸಿಬಲ್ ಕೆಳಗೇ ಇರಲಿ. ಸೊನ್ನೆ ಮುಟ್ಟಿದರೆ ಡಿಜಿಟಲ್ ಕ್ಷಮಿಸುವುದಿಲ್ಲ, ಕರಕರ ಎನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ರೀಪರ್ ಥರದ ರೆಕಾರ್ಡಿಂಗ್ ಪ್ರೋಗ್ರಾಂ ತೆರೆದು, ಸ್ಯಾಂಪಲ್ ದರ 44,100 ಇಟ್ಟು, ಬರುವ ಸದ್ದನ್ನು ಹಾಗೇ ಹೊರಗೆ ಕಳಿಸುವ ಮಾನಿಟರಿಂಗ್ ಆನ್ ಮಾಡಿ. ಬಫರ್ (ಸದ್ದನ್ನು ಕ್ಷಣ ಹೊತ್ತು ಕೂಡಿಟ್ಟು ಕಳಿಸುವ ಜಾಗ) ಚಿಕ್ಕದಿರಲಿ, ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೊರಳುವಾಗ ಹಾಡು ಹಿಂದಕ್ಕೆ ಎಗರಿದ ಹಾಗಾಗುತ್ತದೆ.

ಈಗ ನನ್ನ ಮರ್ಯಾದೆ ಹೋದ ಕಥೆ. ಈ ಪೆಟ್ಟಿಗೆಗಳ ಮುಂದೆ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿ ಇರುತ್ತದೆ. ಅದು ಆನ್ ಇದ್ದರೆ, ನಾನು ತಂದಿದ್ದಂಥ ಸರಳ ಪೆಟ್ಟಿಗೆಗಳಲ್ಲಿ, ಒಳಗೆ ಬಂದ ಸದ್ದು ಲ್ಯಾಪ್‌ಟಾಪಿಗೆ ಹೋಗಿ ಬರುವ ಗೋಜಿಲ್ಲದೆ ಸೀದಾ ಹೊರಗೆ ಹೋಗುತ್ತದೆ. ಅಂಕಿಯೂ ಇಲ್ಲ, ಡಿಜಿಟಲ್ಲೂ ಇಲ್ಲ. ಮೊದಲ ಸಲ ನಾನು ಆ ಗುಂಡಿಯನ್ನು ಆನ್ ಬಿಟ್ಟಿದ್ದೆ, ಪ್ರೋಗ್ರಾಂ ತೆರೆದೇ ಇರಲಿಲ್ಲ. ಅರ್ಧ ಗಂಟೆ ಎರಡೂ ಕೇಳಿ, ಅಕ್ಕನ ಮಗನಿಗೆ ಪಾಠ ಮಾಡಿದೆ. ‘ಕೇಳು, ಎರಡನೆಯದರಲ್ಲಿ ಪಿಟೀಲಿನ ಅಂಚು ಚುಚ್ಚುತ್ತೆ. ಅದೇ ಡಿಜಿಟಲ್.’ ಅವನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಹಾಡು ನಿಲ್ಲಲಿಲ್ಲ. ‘ಮಾವ, ಚುಚ್ತಾ ಇದ್ದಿದ್ದು ಯಾವುದು?’ ಎಂದ.

ಎರಡೂ ದಾರಿ ಅನಲಾಗೇ ಆಗಿತ್ತು. ನನಗೆ ಮಾತ್ರ ಒಂದರಲ್ಲಿ ಡಿಜಿಟಲ್ ಕೇಳಿಸುತ್ತಿತ್ತು.

ಆದ್ದರಿಂದ ಈ ಹೆಜ್ಜೆಯ ಕೊನೆಗೆ ತಪ್ಪದೆ ಒಂದು ಕೆಲಸ ಮಾಡಿ. ಎರಡನೇ ಇನ್‌ಪುಟ್ ಕೇಳುತ್ತಿರುವಾಗ ಪ್ರೋಗ್ರಾಂ ಮುಚ್ಚಿ. ಸದ್ದು ನಿಲ್ಲಬೇಕು. ನಿಂತರೆ ಮಾತ್ರ ಅದು ನಿಜವಾಗಿ ಅಂಕಿಗಳ ಮೂಲಕ ಬರುತ್ತಿದೆ.

ನಾಲ್ಕನೇ ಹೆಜ್ಜೆ: ವಾಲ್ಯೂಮ್ ಸಮ ಮಾಡಿ

ಎರಡು ಸದ್ದಿನಲ್ಲಿ ಒಂದು ಕೊಂಚ ಜೋರಾಗಿದ್ದರೆ ಕಿವಿ ಅದನ್ನು ‘ಜೋರು’ ಎಂದು ಹೇಳುವುದಿಲ್ಲ. ‘ಚೆನ್ನಾಗಿದೆ’, ‘ತುಂಬಿಕೊಂಡಿದೆ’, ‘ಹತ್ತಿರ ಇದೆ’ ಎನ್ನುತ್ತದೆ. ಅಂಗಡಿಯವರಿಗೆ ಈ ಗುಟ್ಟು ಹಳೆಯದು. ನನಗೆ ಚುಚ್ಚಿದ ಪಿಟೀಲೂ ಇದೇ ಇರಬೇಕು. ಎರಡನೇ ದಾರಿ ಕೊಂಚ ಜೋರಿತ್ತು, ಉಳಿದದ್ದನ್ನು ನನ್ನ ನಂಬಿಕೆ ತುಂಬಿಕೊಂಡಿತು.

ಕಿವಿಯಿಂದ ಸಮ ಮಾಡಲು ಹೋಗಬೇಡಿ. ಫೋನಿನಲ್ಲಿ 300 ಹರ್ಟ್ಸ್‌ನ ಒಂದೇ ಸಮನೆ ಸದ್ದು ಕೊಡುವ ಆಪ್ ಹಾಕಿಕೊಳ್ಳಿ. ಪ್ರಿಆಂಪ್ ಬಿಚ್ಚಿ, ಅದರ ಜಾಗಕ್ಕೆ ಫೋನನ್ನು ವೈ ಕೇಬಲ್ಲಿಗೆ ಜೋಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಎರಡು ಕಡ್ಡಿಗಳನ್ನೂ ಒಂದು ಸ್ಪೀಕರಿನ ಕೆಂಪು, ಕಪ್ಪು ತುದಿಗೆ ಮುಟ್ಟಿಸಿ. ಕಡ್ಡಿಗಳು ಒಂದಕ್ಕೊಂದು ತಾಗದಿರಲಿ, ಆಂಪ್ಲಿಫೈಯರ್ ಸುಟ್ಟೀತು. ಮೊದಲ ಇನ್‌ಪುಟ್‌ನಲ್ಲಿ ಸುಮಾರು 1 ವೋಲ್ಟ್ ಬರುವಷ್ಟು ವಾಲ್ಯೂಮ್ ಇಡಿ. ಎರಡನೆಯದಕ್ಕೆ ಹೊರಳಿಸಿ, ಇಂಟರ್‌ಫೇಸಿನ ಔಟ್‌ಪುಟ್ ಗುಂಡಿ ತಿರುಗಿಸುತ್ತ ಅದೇ ಅಂಕಿ ಬರುವಂತೆ ಮಾಡಿ. ಒಂದರಲ್ಲಿ 1.00, ಇನ್ನೊಂದರಲ್ಲಿ 1.12 ಇದ್ದರೆ ಅಂತರ 1 ಡೆಸಿಬಲ್. ಅದು ಬಹಳ ಆಯಿತು. 1.00ಕ್ಕೆ 1.01 ಬಂದರೆ ನಿಲ್ಲಿಸಬಹುದು. ಇನ್ನೊಂದು ಸ್ಪೀಕರಿಗೂ ಇದನ್ನೇ ಮಾಡಿ.

ಮೀಟರ್ ಕೊಳ್ಳುವವರು ಗಮನಿಸಿ. ಎಲ್ಲಾ ಕಡೆ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರುಗಳಲ್ಲಿ ಎಸಿಗೆ 200 ಮತ್ತು 750 ವೋಲ್ಟಿನ ಎರಡೇ ಮನೆ. ಅದರಲ್ಲಿ 1.00 ಮತ್ತು 1.05 ಒಂದೇ ಥರ ಕಾಣುತ್ತದೆ. 2 ವೋಲ್ಟ್ ಎಸಿ ಓದುವ ಮೀಟರ್ ಬೇಕು. 300 ಹರ್ಟ್ಸ್ ಯಾಕೆ ಎಂದರೆ, ಸಾಧಾರಣ ಮೀಟರುಗಳು 400 ಹರ್ಟ್ಸ್‌ನಿಂದ ಆಚೆಗೆ ಸರಿಯಾಗಿ ಓದುತ್ತವೆ ಎಂಬ ಭರವಸೆ ಇಲ್ಲ.

ಐದನೇ ಹೆಜ್ಜೆ: ಕಣ್ಣು ಕಟ್ಟಿ ಕೇಳಿ

ತಟ್ಟೆ ಹಾಕಿ. ಮೊದಲು ಹತ್ತು ನಿಮಿಷ ನೀವೇ ಬದಲಿಸುತ್ತ ಕೇಳಿ. ಏನಾದರೂ ವ್ಯತ್ಯಾಸ ಸಿಕ್ಕಿತು ಅನ್ನಿಸಿದರೆ ಎಲ್ಲಿ, ಯಾವ ವಾದ್ಯದಲ್ಲಿ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ರಿಮೋಟನ್ನು ಇನ್ನೊಬ್ಬರ ಕೈಗೆ ಕೊಟ್ಟು, ಆಂಪ್ಲಿಫೈಯರಿಗೆ ಬೆನ್ನು ಹಾಕಿ ಕುಳಿತುಕೊಳ್ಳಿ.

ಅವರು ಪ್ರತಿ ಸಲ ನಾಣ್ಯ ಚಿಮ್ಮಬೇಕು. ರಾಜ ಬಂದರೆ ಮೊದಲ ಇನ್‌ಪುಟ್, ರಾಣಿ ಬಂದರೆ ಎರಡನೆಯದು. ತಮಗೆ ತೋಚಿದ ಹಾಗೆ ಬದಲಿಸಲು ಬಿಡಬೇಡಿ. ಮನುಷ್ಯರು ಒಂದು, ಎರಡು, ಒಂದು, ಎರಡು ಎಂದು ಹೋಗಿಬಿಡುತ್ತಾರೆ, ನೀವು ಸದ್ದು ಕೇಳದೆಯೇ ಊಹಿಸುತ್ತೀರಿ. ಇನ್‌ಪುಟ್ ಬದಲಾದಾಗ ಕೆಲವು ಆಂಪ್ಲಿಫೈಯರುಗಳಲ್ಲಿ ‘ಟಿಕ್’ ಎನ್ನುತ್ತದೆ. ಆದ್ದರಿಂದ ಪ್ರತಿ ಸಲವೂ ಖಾಲಿ ಇರುವ ಮೂರನೇ ಇನ್‌ಪುಟ್‌ಗೆ ಹೋಗಿ ಅಲ್ಲಿಂದ ಬರಲಿ. ಬದಲಾಗದಿದ್ದರೂ ಟಿಕ್ ಕೇಳಬೇಕು. ಅವರು ಮಾತಾಡುವುದು, ನಗುವುದು ಬೇಡ. ನನ್ನ ಸೋದರಳಿಯ ಕೆಮ್ಮಿದರೂ ನನಗೆ ಸುಳಿವು ಸಿಗುತ್ತಿತ್ತು.

ಹೀಗೆ 16 ಸಲ. ಪ್ರತಿ ಸಲ ನಿಮ್ಮ ಉತ್ತರವನ್ನು ಕಾಗದದ ಮೇಲೆ ಬರೆಯಿರಿ, ಬಾಯಲ್ಲಿ ಹೇಳಬೇಡಿ. 16ರಲ್ಲಿ 12 ಅಥವಾ ಜಾಸ್ತಿ ಸರಿ ಬಂದರೆ ನಿಮಗೆ ನಿಜವಾಗಿ ಏನೋ ಕೇಳಿಸುತ್ತಿದೆ ಎನ್ನಬಹುದು. ಸುಮ್ನೆ ಊಹಿಸಿ ಅಷ್ಟು ಸರಿ ಹೇಳುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. 9 ಬಂದರೆ, 10 ಬಂದರೆ, ನಾಣ್ಯ ಚಿಮ್ಮಿದ್ದಕ್ಕೂ ಅದಕ್ಕೂ ಏನೂ ಫರಕ್ಕಿಲ್ಲ. ನನಗೆ ಬಂದದ್ದು 7.

ಇದೇ ಥರದ ಪರೀಕ್ಷೆಯನ್ನು ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಮಾಡಿ 2007ರಲ್ಲಿ ಪ್ರಕಟಿಸಿದರು. ಅವರು ಹೈ ರೆಸಲ್ಯೂಷನ್ ಡಿಸ್ಕಿನ, ಅಂದರೆ ಸಿ.ಡಿ.ಗಿಂತ ಸೂಕ್ಷ್ಮವಾಗಿ ಅಳೆದಿಟ್ಟ ಡಿಸ್ಕಿನ ಸದ್ದನ್ನು ನೇರವಾಗಿಯೂ, ನಡುವೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿದ್ದರು. 554 ಸಲ ಕೇಳಿಸಿದ್ದರಲ್ಲಿ ಸರಿ ಬಂದದ್ದು 276. ಹೆಚ್ಚುಕಡಿಮೆ ಅರ್ಧಕ್ಕರ್ಧ. ವಾದದ ಇನ್ನೊಂದು ಕಡೆಯನ್ನೂ ಹೇಳಬೇಕಲ್ಲ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಪ್ರಯೋಗಗಳ ಫಲಿತಾಂಶವನ್ನು ಒಟ್ಟು ಸೇರಿಸಿ ನೋಡಿದಾಗ ಸರಿ ಉತ್ತರ ನೂರಕ್ಕೆ 52.3 ಬಂತು. ತರಬೇತಿ ಪಡೆದ ಕಿವಿಗಳಲ್ಲಿ ಇನ್ನೂ ಕೊಂಚ ಜಾಸ್ತಿ. ವ್ಯತ್ಯಾಸ ಇದ್ದರೂ ಅಷ್ಟು ಸಣ್ಣದು. ಕುರ್ಚಿಯನ್ನು ಒಂದಡಿ ಮುಂದೆ ಎಳೆದುಕೊಂಡರೆ ಸದ್ದು ಅದಕ್ಕಿಂತ ಜಾಸ್ತಿ ಬದಲಾಗುತ್ತದೆ.

ಆರನೇ ಹೆಜ್ಜೆ: ಹಾಗಾದರೆ ತಟ್ಟೆ ಬೇರೆ ಥರ ಕೇಳುವುದು ಯಾಕೆ?

ಕೇಳುತ್ತದೆ, ಅದರಲ್ಲಿ ಅನುಮಾನ ಇಲ್ಲ. ಈಗ ಅದೇ ಸಂಗೀತದ ಸಿ.ಡಿ. ಅಥವಾ ಸ್ಟ್ರೀಮಿಂಗ್ ಆವೃತ್ತಿಯನ್ನು ನಿಮ್ಮ ಎಲ್‌ಪಿ ಜೊತೆ ಹೋಲಿಸಿ. ಫೋನಿಗಿಂತ ಲ್ಯಾಪ್‌ಟಾಪಿನಿಂದ ಅದೇ ಇಂಟರ್‌ಫೇಸ್ ಮೂಲಕ ನುಡಿಸಿ. ಬ್ಲೂಟೂತ್ ಬೇಡ. ಆಪಿನ ಸೆಟ್ಟಿಂಗಿನಲ್ಲಿ ವಾಲ್ಯೂಮ್ ನಾರ್ಮಲೈಸೇಷನ್, ಈಕ್ವಲೈಸರ್, ಡಾಲ್ಬಿ ಎಲ್ಲ ಆಫ್. ಗುಣಮಟ್ಟ ಲಾಸ್‌ಲೆಸ್ (ಏನೂ ಕಳೆಯದ್ದು) ಇದ್ದರೆ ಅದು, ಇಲ್ಲದಿದ್ದರೆ 320 ಕೆಬಿಪಿಎಸ್. ವಾಲ್ಯೂಮ್ ಮತ್ತೆ ಸಮ ಮಾಡಬೇಕು. ಇಲ್ಲಿ ಒಂದೇ ಸಮನೆ ಸದ್ದು ಕೆಲಸಕ್ಕೆ ಬರುವುದಿಲ್ಲ. ತಟ್ಟೆಯ ಒಂದು ನಿಮಿಷವನ್ನು ರೆಕಾರ್ಡ್ ಮಾಡಿ, ಫೈಲಿನ ಅದೇ ನಿಮಿಷದ ಜೊತೆ ಸರಾಸರಿ ಮಟ್ಟ ಹೋಲಿಸಿ.

ಈ ಸಲ ಕಣ್ಣು ಕಟ್ಟಿದರೂ ನಿಮಗೆ ಗೊತ್ತಾಗುತ್ತದೆ. ತಟ್ಟೆಯ ಚಟಪಟ ಒಂದೇ ಸಾಕು ಗುರುತಿಗೆ. ಆದರೆ ಈಗ ಬದಲಾಗಿರುವುದು ಲೋಟ ಅಲ್ಲ, ಡಿಕಾಕ್ಷನ್. ತಟ್ಟೆ ಕೊರೆಯುವಾಗ ತಗ್ಗಿನ ಸ್ವರಗಳನ್ನು ಎರಡೂ ಕಡೆ ಸಮವಾಗಿ ನಡುವಿಗೆ ತರುತ್ತಾರೆ, ಇಲ್ಲದಿದ್ದರೆ ಮುಳ್ಳು ಹಾರುತ್ತದೆ. ತೀರ ಚೂಪಾದ ಸದ್ದನ್ನು ಹದ ಮಾಡುತ್ತಾರೆ. ಎಡ ಬಲದ ನಡುವಿನ ಬೇರ್ಪಡೆ ಎಲ್‌ಪಿಯಲ್ಲಿ ಸುಮಾರು 20–30 ಡೆಸಿಬಲ್ ಅಷ್ಟೇ, ಆದ್ದರಿಂದ ಎಲ್ಲರೂ ಕೊಂಚ ಒತ್ತಿ ಕುಳಿತ ಹಾಗೆ ಕೇಳುತ್ತದೆ. ಜೊತೆಗೆ ಮುಳ್ಳು ತನ್ನದೇ ಒಂದಿಷ್ಟು ಬಣ್ಣ ಸೇರಿಸುತ್ತದೆ. ಇವೆಲ್ಲ ಸೇರಿ ಬರುವ ‘ಬೆಚ್ಚಗೆ’ ಎಂಬ ಗುಣ ಬಹಳ ಜನಕ್ಕೆ ಇಷ್ಟ. ನನಗೂ ಇಷ್ಟ. ಇಷ್ಟವಾಗುವುದಕ್ಕೆ ಅದು ಹೆಚ್ಚು ನಿಖರ ಆಗಿರಬೇಕಿಲ್ಲ.

ಫೈಲಿನ ಕಡೆಯ ಪಾಪ ಬೇರೆ. ಹಳೆಯ ಹಾಡುಗಳನ್ನು ಮತ್ತೆ ಬಿಡುಗಡೆ ಮಾಡುವಾಗ ಕೆಲವರು ಟೇಪಿನ ‘ಸ್ಸ್’ ಸದ್ದನ್ನು ಅಳಿಸಲು ಹೋಗಿ ತಂಬೂರಿಯ ಜೀವವನ್ನೂ ಅಳಿಸುತ್ತಾರೆ. ಇನ್ನು ಕೆಲವರು ಮೆಲ್ಲನೆಯದನ್ನೂ ಜೋರಿನದನ್ನೂ ಒಂದೇ ಎತ್ತರಕ್ಕೆ ತಂದು, ಕಿವಿಗೆ ಬಿಡುವೇ ಇಲ್ಲದ ಹಾಗೆ ಮಾಡುತ್ತಾರೆ. ಇದನ್ನು ಕಣ್ಣಿನಿಂದಲೂ ನೋಡಬಹುದು. ಆಡಾಸಿಟಿ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಎರಡನ್ನೂ ತೆರೆಯಿರಿ. ತಟ್ಟೆಯಿಂದ ಇಳಿಸಿದ್ದು ಬೆಟ್ಟ ಕಣಿವೆಯ ಹಾಗೆ, ಹೊಸ ಫೈಲು ಕೊಯ್ದ ಇಟ್ಟಿಗೆಯ ಹಾಗೆ ಕಂಡರೆ, ನಿಮಗೆ ಬೇಸರ ತಂದದ್ದು ಏನು ಎಂದು ಅಲ್ಲೇ ಕಾಣುತ್ತದೆ. ತಪ್ಪು ಅಂಕಿಗಳದ್ದಲ್ಲ, ಅವನ್ನು ತುಂಬಿದ ಕೈಯದ್ದು.

ತಟ್ಟೆ ಎಂದ ಮಾತ್ರಕ್ಕೆ ಪೂರ್ತಿ ಅನಲಾಗ್ ಎಂದೂ ಅಲ್ಲ. ಜಪಾನಿನ ಡೆನಾನ್ 1972ರಲ್ಲೇ ಡಿಜಿಟಲ್ ಆಗಿ ರೆಕಾರ್ಡ್ ಮಾಡಿ ಎಲ್‌ಪಿ ಹೊರಡಿಸಿತ್ತು. ಇತ್ತೀಚಿನ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ದುಬಾರಿ ಎಲ್‌ಪಿಗಳನ್ನು ಶುದ್ಧ ಅನಲಾಗಿನ ಮಾದರಿ ಎಂದು ಜನ ಕೊಂಡಾಡುತ್ತಿದ್ದರು. 2022ರಲ್ಲಿ ಗೊತ್ತಾಯಿತು, ಅವುಗಳಲ್ಲಿ ಹಲವಕ್ಕೆ ನಡುವೆ ಒಂದು ಡಿಜಿಟಲ್ ಹಂತ ಇತ್ತು, ಅದೂ ಹತ್ತು ವರ್ಷದಷ್ಟು ಹಿಂದಿನಿಂದ. ಅಷ್ಟೂ ವರ್ಷ ಪಳಗಿದ ಕಿವಿಗಳು ಅದನ್ನು ಕೇಳಿ ಪತ್ತೆ ಮಾಡಿರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಕೊಂಡವರು ಕೋರ್ಟಿಗೆ ಹೋದರು.

ಕ್ಯಾಸೆಟ್ ಪ್ರಿಯರಿಗೆ ಎರಡೇ ಮಾತು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಹೆಡ್ ಒರೆಸಿ. ಆಮೇಲೆ ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಪುಟ್ಟ ತಿರುಪನ್ನು, ಕ್ಯಾಸೆಟ್ ಓಡುತ್ತಿರುವಾಗಲೇ, ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ತಾಳದ ಝಣಕು ಎಲ್ಲಿ ಅತಿ ಚೆನ್ನಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಕ್ಯಾಸೆಟ್ ಮಂಕು ಎಂಬ ದೂರಿನಲ್ಲಿ ಅರ್ಧ ಈ ತಿರುಪಿನದ್ದು.

ಕೊನೆಯ ಹೆಜ್ಜೆ: ಪೆಟ್ಟಿಗೆ ವಾಪಸ್ ಕೊಡುವ ಮುನ್ನ

ತಂತಿ ಎಲ್ಲಾ ಜೋಡಿಸಿದ್ದೀರಿ, ಇಂಟರ್‌ಫೇಸ್ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಅಪರೂಪದ ತಟ್ಟೆಗಳನ್ನು ಫೈಲಿಗೆ ಇಳಿಸಿಕೊಂಡುಬಿಡಿ. 24 ಬಿಟ್, 48,000 ಸಾಕು. 22 ನಿಮಿಷದ ಒಂದು ಬದಿಗೆ ಸುಮಾರು 380 ಎಂಬಿ ಆಗುತ್ತದೆ, ಏನೂ ಕಳೆಯದೆ ಕುಗ್ಗಿಸುವ ಫ್ಲಾಕ್ ಫೈಲು ಮಾಡಿದರೆ ಇನ್ನೂ ಇಳಿಯುತ್ತದೆ. ಚಟಪಟ ತೆಗೆಯುವುದಿದ್ದರೆ ಪ್ರತಿಯಲ್ಲಿ ತೆಗೆಯಿರಿ, ಮೂಲ ಫೈಲನ್ನು ಮುಟ್ಟಬೇಡಿ. ಮಳೆಗಾಲದಲ್ಲಿ ತಟ್ಟೆಗಳನ್ನು ಹೊರಗೆ ತೆಗೆಯದೆ ಫೈಲು ಕೇಳುತ್ತೇನೆ. ಸಂಗೀತ ಕೇಳಲೆಂದೇ ಕೂತ ದಿನ ತಟ್ಟೆ ಹಾಕುತ್ತೇನೆ. ಅದಕ್ಕೆ ಕಾರಣ ಸದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಬದಿ ಬದಲಿಸಬೇಕಾದ್ದರಿಂದ ಕೈ ಫೋನಿನ ಕಡೆ ಹೋಗುವುದಿಲ್ಲ.

ಫೈಲಿನ ಹೆಸರಿನಲ್ಲಿ ಮೂರು ವಿಷಯ ಸೇರಿಸಿ: ಇಳಿಸಿದ ತಾರೀಕು, ಕಾರ್ಟ್ರಿಡ್ಜಿನ ಹೆಸರು, ಮುಳ್ಳಿನ ಭಾರ. ಮುಳ್ಳು ಕೆಲವು ನೂರು ಗಂಟೆ ಓಡಿದ ಮೇಲೆ ಸವೆಯುತ್ತದೆ. ಅದು ದಿನ ದಿನ ಎಷ್ಟು ನಿಧಾನವಾಗಿ ಆಗುತ್ತದೆ ಎಂದರೆ ಕೇಳುವವರಿಗೆ ತಿಳಿಯುವುದೇ ಇಲ್ಲ. ವರ್ಷ ಕಳೆದ ಮೇಲೆ ಅದೇ ತಟ್ಟೆಯ ಕೊನೆಯ ಎರಡು ನಿಮಿಷ ಮತ್ತೆ ಇಳಿಸಿ, ಹಳೆಯ ಫೈಲಿನ ಪಕ್ಕ ಇಟ್ಟು ಕೇಳಿ. ‘ಸ’, ‘ಶ’ ಹೊಸದರಲ್ಲಿ ಒರಟಾಗಿದ್ದರೆ ಮೊದಲು ಮುಳ್ಳು ಒರೆಸಿ, ಭಾರ ಅಳೆಯಿರಿ. ಆಮೇಲೂ ಒರಟಿದ್ದರೆ ಹೊಸ ಮುಳ್ಳು ಕೊಳ್ಳಿ.